ಚೌಕ ಬಂದಾಗ ಜಗ್ಗುವ ಗುಂಡಿ

ಮಾವಾರ,

ಶರಣು ಶರಣಾರ್ಥಿ. ನಿಮ್ಮ ಅಳಿಯ ಬರೆಯುವುದು.

ಹೈದರಾಬಾದಿನ ಕಾಲೇಜಿನಲ್ಲಿ ನಮಗೆ ಪತ್ರ ಬರೆಯುವುದನ್ನೂ ಕಲಿಸುತ್ತಿದ್ದರು. ಮೊದಲ ಸಾಲಿನಲ್ಲೇ ‘ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ಟು ಹಿಯರ್ ದಿ ಸೇಮ್ ಫ್ರಮ್ ಯು’ ಅಂತ ಹಾಕಬೇಕು ಅನ್ನುತ್ತಿದ್ದರು. ಇಂಟರ್ ಪಾಸಾಗದೆ ತಿರುಗಿ ಬಂದೆ, ಆ ಸಾಲು ಮಾತ್ರ ತಲೆಯಲ್ಲಿ ಉಳಿಯಿತು. ನಿಮಗೆ ಅದನ್ನು ಹ್ಯಾಂಗ ಬರೆಯಲಿ? ನಾನು ವೆಲ್ ಇಲ್ಲ. ನೀವಿರುವಲ್ಲಿಂದ ಹಿಯರ್ ಮಾಡುವ ದಾರಿಯೂ ಇಲ್ಲ. ನಿಮ್ಮ ಮಗಳು ಶರಣಮ್ಮ, ನನ್ನ ಹೆಂಡತಿ, ಹೋದ ಶ್ರಾವಣದಲ್ಲಿ ನಿಮ್ಮ ಕಡೆಗೇ ಬಂದಳು. ಮುಟ್ಟಿದಳೋ ಇಲ್ಲವೋ, ಅಪ್ಪ ಮಗಳು ಮಗ್ಗುಲಲ್ಲಿ ಕೂತು ಮತ್ತೆ ಅದೇ ಮಾತು ತೆಗೆದೀರೋ ಏನೋ...

ಆ ಮಾತಿನ ಸಲುವಾಗಿಯೇ ಈ ಪತ್ರ. ಕಮಲಾಪುರದ ಮನೆಯ ಪಡಸಾಲೆಯಲ್ಲಿ ನೀವು ಕಡೇ ಸಲ ಕಣ್ಣು ತೆರೆದಾಗ ಕೈ ನನ್ನ ಕೈಯಲ್ಲಿತ್ತು. ಎಲ್ಲರೂ ನೀರು ಕೇಳ್ತಾರೇನೋ ಅಂತ ಬಗ್ಗಿದರು. ನೀವು ಕೇಳಿದ್ದು ಬೇರೆ. “ಅಳಿಯಂದಿರ, ಆ ಕೂಸು ಉಳೀತೇನ್ರಿ?” ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ‘ಉಳದದ ಮಾವಾರ’ ಅಂದುಬಿಡಬೇಕು ಅಂತ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ನೀವು ನನ್ನ ಮುಖ ನೋಡಿ ಗೋಡೆಯ ಕಡೆ ಹೊರಳಿದಿರಿ. ಆ ಮೇಲೆ ನಿಮ್ಮ ಹೈದರಾಬಾದ್ ರಾಜ್ಯ ಹೋಯಿತು, ನಾವು ಮೈಸೂರಿನವರಾದೆವು, ಅದೂ ಹೋಗಿ ಕರ್ನಾಟಕದವರಾದೆವು. ನಿಮ್ಮ ಪ್ರಶ್ನೆ ಮಾತ್ರ ಗೋಡೆಯ ಕಡೆ ಮುಖ ಮಾಡಿ ಹಾಗೇ ಮಲಗಿತ್ತು. ಇಂಗ್ಲಿಷಿನಲ್ಲಿ ಅದಕ್ಕೊಂದು ಟೆನ್ಸ್ ಅದ, ಆಗಿಹೋದದ್ದು ಇನ್ನೂ ಆಗುತ್ತಲೇ ಇದೆ ಅನ್ನುವಂಥದ್ದು. ಅದರ ಹೆಸರು ಮರೆತಿದ್ದೇನೆ.

ನೀವು ಮೋಟಾರು ತಂದ ದಿನ ಮೊದಲು ನೆನಪಾಗುತ್ತದೆ, ತಡೀರಿ, ಅಲ್ಲಿಂದಲೇ ಬರ್ತೇನಿ. ಯಾವನೋ ಜಾಗೀರದಾರನ ಅಂಗಳದಲ್ಲಿ ಹಾಳಾಗಿ ನಿಂತಿದ್ದ ಗಾಡಿ. ಮುಂದೆ ಇಬ್ಬರು ಕೂಡುವಷ್ಟೇ ಜಾಗ. ಹಿಂದೆ ಒಂದು ಮುಚ್ಚಳ. ತೆಗೆದರೆ ಇನ್ನೊಂದು ಸೀಟು, ಮುಚ್ಚಿದರೆ ಪೆಟ್ಟಿಗೆ. ಮೂಗಿನ ಮೇಲಿನ ಹೆಸರಿನ ಬಿಲ್ಲೆ ಬಿದ್ದುಹೋಗಿತ್ತು, ಆದ್ದರಿಂದ ಅದು ಯಾವ ದೇಶದ್ದು ಅಂತ ಯಾರಿಗೂ ತಿಳಿಯಲಿಲ್ಲ. “ಅದೆಲ್ಲಾ ತಗೊಂಡು ಏನ್ ಮಾಡ್ತೀರಿ, ಬಣ್ಣ ನೋಡ್ರಿ” ಅಂದಿರಿ ನೀವು. ಬಣ್ಣ ಖರೇನೇ ನಿಮ್ಮ ತೋಟದ ಕೆಂಪು ಬಾಳೆಹಣ್ಣಿನದೇ. ಅದಕ್ಕೇ ತಂದಿರಿ. ಹಿಂದಿನ ಸೀಟಿಗೆ ಡಿಕ್ಕಿ ಅನ್ನುತ್ತಾರೆ ಅಂತ ಜಾಗೀರದಾರನ ಡ್ರೈವರ್ ಹೇಳಿದ್ದೇ ತಡ, “ಕೂಡೋ ಜಾಗಕ್ಕ ಯಾರರೆ ಡಿಕ್ಕಿ ಅಂತ ಹೆಸರಿಡ್ತಾರೇನ್ರಿ? ನಮ್ಮ ಮಂದೀನ ಅದರಾಗ ಕೂಡಸಂಗಿಲ್ಲ” ಅಂತ ಹಟ ಹಿಡಿದಿರಿ. ಅಲ್ಲಿ ಹಣ್ಣಿನ ಗೊನೆ ಕೂತವು. ಮುಚ್ಚಿಟ್ಟ ಹಣ್ಣು ಬೆವರುತ್ತವೆ, ನೀರು ನಿಂತು ಕೊಳೆಯುತ್ತವೆ ಅಂತ ಕಂಬಾರನನ್ನು ಕರೆಸಿ ಡಿಕ್ಕಿಯ ತಳಕ್ಕೆ ಒಂದು ತೂತು ಹೊಡೆಸಿದಿರಿ. ರೂಪಾಯಿಯಗಲದ ತೂತು. ಶರಣಮ್ಮ ಬಾಗಿಲಲ್ಲಿ ನಿಂತು, “ಅಪ್ಪಾ, ಹೊಸಾ ಸೀರಿಗಿ ತೂತ್ ಹಾಕಿದಂಗ ಆತಲ್ಲ” ಅಂದಿದ್ದಳು.

ಶರಣಮ್ಮ ಆ ಗುಂಡಿಯ ಹೆಸರು ಓದಿದ್ದೂ ಆ ವಾರವೇ. ಸ್ಟೇರಿಂಗಿನ ಪಕ್ಕ ಸಾಲಾಗಿ ಗುಂಡಿಗಳಿದ್ದವು, ಒಂದೊಂದರ ಕೆಳಗೂ ಇಂಗ್ಲಿಷ್ ಅಕ್ಷರ. ಉಳಿದವುಗಳ ಹೆಸರು ಸವೆದು ಹೋಗಿತ್ತು, ಒಂದರದು ಮಾತ್ರ ಕಾಣುತ್ತಿತ್ತು. ಹೊಸದಾಗಿ ಮದುವೆಯಾದವರು ನಾವು. ನಾನು ಅವಳಿಗೆ ಎ ಬಿ ಸಿ ಡಿ ಕಲಿಸುತ್ತಿದ್ದೆ, ಅವಳಿಗೆ ಕಂಡದ್ದನ್ನೆಲ್ಲ ಓದುವ ಹುಚ್ಚು ಹತ್ತಿತ್ತು. “ಸಿ, ಎಚ್, ಓ... ಚೋ... ಕೆ... ಚೋಕ... ಅಪ್ಪಾ, ಚೌಕ!” ಅಂದಳು. ನೀವು ತೊಡೆ ತಟ್ಟಿಕೊಂಡು ನಕ್ಕಿರಿ. “ನೋಡ್ರಿ ಅಳಿಯಂದಿರ, ಇಂಗ್ಲೀಷ್ನ್ಯಾಗೂ ಚೌಕಕ್ಕ ಚೌಕಾನೇ ಅಂತಾರ! ಅಂದ್ರ ಚೌಕ ಬಂದಾಗ ಇದನ್ನ ಜಗ್ಗಬೇಕಂತ ಕಾಣ್ತದ.” ಕಾಲೇಜು ಓದಿದವನು ನಾನು, ಸುಮ್ಮನಿರುತ್ತೇನೆಯೇ? ಆ ಇಂಗ್ಲಿಷ್ ಮಾತಿಗೆ ಉಸಿರು ಕಟ್ಟುವುದು ಅಂತ ಅರ್ಥ ಇರೋದು ನೆನಪಿತ್ತು. “ಬರೋಬರಿ ಅದ ಮಾವಾರ. ಚೌಕದಾಗ ಮಂದಿ ಕೂಡಿ ರಸ್ತಾದ ಗಂಟಲು ಕಟ್ತದ. ಅದಕ್ಕ ಹಂಗ ಹೆಸರಿಟ್ಟಾರ” ಅಂತ ವ್ಯಾಖ್ಯಾನ ಕೊಟ್ಟೆ. ಮೂವರೂ ತಲೆಯಾಡಿಸಿದೆವು. ಎಷ್ಟು ಸಂತೋಷವಾಗಿದ್ದೆವು ಮಾವಾರ, ತಪ್ಪಿನಲ್ಲಿ!

ಕಲಬುರಗಿಯ ಚೌಕಕ್ಕೆ ನೀವು ಬರುವ ಹೊತ್ತನ್ನು ಅಲ್ಲಿಯವರು ಕಾಯುತ್ತಿದ್ದರು. ನಾನು ಅಲ್ಲೇ ಬಟ್ಟೆ ಅಂಗಡಿಯಲ್ಲಿ ಕೂತು ಮಿಲ್ಲಿನವರಿಗೆ ಇಂಗ್ಲಿಷ್ ಪತ್ರ ಗೀಚುತ್ತಿದ್ದೆ. ಕಮಲಾಪುರದಿಂದ ಕಪನೂರ ದಾಟಿ ಝಂ ಅಂತ ಬರುತ್ತಿದ್ದ ಗಾಡಿ ಚೌಕದ ನಡುವೆ ಬಂದ ಕೂಡಲೇ ನೀವು ಗುಂಡಿ ಜಗ್ಗುವಿರಿ. ಗಾಡಿ ಕೆಮ್ಮುವುದು, ಕರೀ ಹೊಗೆ ಬಿಡುವುದು, ಸತ್ತು ನಿಲ್ಲುವುದು. “ಬಾಳಿಹಣ್ಣಿನ ಮೋಟಾರ ಬಂತಲೇ, ಕೈ ಹಚ್ರಿ!” ಅಂತ ಹಮಾಲ ಭೀಮಶ್ಯಾ ಕೂಗುವನು. ಹಮಾಲರು, ಟಾಂಗಾದವರು, ಅಂಗಡಿಯವರು, ಯಾವ ಜಾತಿಯವರು ಯಾರ ಮಗ್ಗುಲಿಗೆ ನಿಂತರು ಅಂತ ನೋಡದೆ ದೂಡುವರು. ಚೌಕ ದಾಟಿದ ಮೇಲೆ ನೀವು ಗುಂಡಿಯನ್ನು ಒಳಗೆ ಒತ್ತುವಿರಿ, ಗಾಡಿ ಜೀವ ಹಿಡಿಯುವುದು. “ಕಂಡ್ರೇನ್ರಿ? ಚೌಕ ದಾಟಿತು, ಹೊಂಟಿತು” ಅಂತ ಗೆದ್ದವರ ಹಾಗೆ ನನ್ನ ಕಡೆ ನೋಡುವಿರಿ. ಆ ಮೇಲೆ ಇಳಿದು ಡಿಕ್ಕಿ ತೆಗೆದು, ದೂಡಿದವರಿಗೆಲ್ಲ ಒಂದೊಂದು ಕೆಂಪು ಬಾಳೆಹಣ್ಣು. ಮಗ್ಗುಲ ಸೀಟಿನಲ್ಲಿ ಯಾವಾಗಲೂ ಖಾಸಿಂಸಾಬ. ನಿಮ್ಮ ತೋಟದ ಹಣ್ಣನ್ನೆಲ್ಲ ಹಿಡಿದು ಮಾರುತ್ತಿದ್ದ ಬಾಗವಾನ, ನಿಮ್ಮ ಚಿಕ್ಕಂದಿನ ದೋಸ್ತ. “ಸಾವಕಾರ್, ಹಣ್ಣೆಲ್ಲಾ ಚೌಕದಾಗೇ ಖಾಲಿ ಮಾಡ್ರಿ. ಬಜಾರದಾಗ ನಾ ನಿಮ್ಮ ಟೊಪಗಿ ಮಾರ್ತೀನಿ” ಅನ್ನುವನು. ಅವನ ಮಗಳು ಮುನ್ನಿ ಕಮಲಾಪುರದಲ್ಲಿ ಶರಣಮ್ಮನ ಸೆರಗು ಹಿಡಿದುಕೊಂಡೇ ಬೆಳೆಯುತ್ತಿದ್ದಳು.

ರಜಾಕಾರರ ದಿನಗಳನ್ನು ನೆನೆಸಿದರೆ ನನಗೆ ಮೊದಲು ಕಾಣುವುದು ಬಣವಿ. ಕಂಡ ಕಂಡ ಮೋಟಾರು ಹಿಡಿದೊಯ್ಯುತ್ತಿದ್ದಾರೆ ಅಂತ ಸುದ್ದಿ ಬಂದಾಗ ಖಾಸಿಂಸಾಬನೇ ನಿಂತು ಗಾಡಿಯ ಸುತ್ತಲೂ ಜೋಳದ ಕಣಿಕೆ ಒಟ್ಟಿಸಿದ. ಮೇಲೆ ನೋಡಿದರೆ ಬಣವಿ, ಒಳಗೆ ಮೋಟಾರು. ಅವರು ಬಂದು ಕೇಳಿದಾಗ ಆ ಬಣವಿಗೇ ಬೆನ್ನು ಹಚ್ಚಿ ಕೂತು ಬೀಡಿ ಹಚ್ಚಿದನಂತೆ. “ಕಡ್ಡಿ ಬಿದ್ದು ಬಣವಿ ಹತ್ತಿದ್ರ ಏನ್ ಮಾಡ್ತಿದ್ದಿ?” ಅಂತ ನೀವು ಆ ಮೇಲೆ ಬೈದಿರಿ. “ಬೀಡಿ ಹಚ್ಚಿಕೊಂಡು ಮೋಟಾರ ಮ್ಯಾಲೆ ಯಾವ ಹುಚ್ಚ ಕೂಡ್ತಾನ ಅಂತ ಅವ್ರು ತಿಳೀಲಿ ಅಂತೇ ಹಚ್ಚಿದ್ದು ಸಾವಕಾರ್” ಅಂದ. ನಿಮ್ಮ ಮನೆಯ ಹೊಸ್ತಿಲು ದಾಟಿ ಆ ತಿಂಗಳುಗಳಲ್ಲಿ ಯಾರೂ ಒಳಗೆ ಬರಲಿಲ್ಲ. ಅವನು ಅಲ್ಲಿ ಕೂತಿದ್ದ, ಅದಕ್ಕೇ.

ಪೊಲೀಸ್ ಆಕ್ಷನ್ ಆಗಿ ಸೈನ್ಯ ಬಂದ ಮೇಲೆ ಗಾಳಿ ತಿರುಗಿತು. ನಾವೆಲ್ಲ ಕುಣಿದೆವು, ಕುಣಿಯಬೇಕಾದದ್ದೇ. ಆದರೆ ಕುಣಿತ ಮುಗಿಯುವುದರೊಳಗೆ ಕೆಲವರ ಕೈಯಲ್ಲಿ ಬಡಿಗೆ ಬಂದಿದ್ದವು. ನಿನ್ನೆ ಯಾರು ಏನು ಮಾಡಿದ್ದರು ಅಂತ ವಿಚಾರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ, ಹೆಸರು ಕೇಳಿದರೆ ಸಾಕು. ಶರಣಮ್ಮ ಬಸುರಿ, ತವರಿನಲ್ಲಿ ನಿಮ್ಮ ಹತ್ತಿರ ಇದ್ದಳು. ಕಮಲಾಪುರದಲ್ಲಿ ಆ ಮುಂಜಾನೆ ಏನು ನಡೆಯಿತು ಅಂತ ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಬಾಗವಾನರ ಓಣಿಗೆ ಮಂದಿ ಬರುತ್ತಾರೆ ಅಂತ ಸುದ್ದಿ. ಅವನ ಹೆಂಡತಿ ಮಗಳನ್ನು ಕಲಬುರಗಿಗೆ, ಭಾವಮೈದುನನ ಮನೆಗೆ ಮುಟ್ಟಿಸಬೇಕು ಅಂತ ನೀವೂ ಖಾಸಿಂಸಾಬನೂ ಕೈಯಾರ ಬಣವಿ ಕೆಡವಿದಿರಿ. ಅವನ ಹೆಂಡತಿಗೆ ಶರಣಮ್ಮ ತನ್ನ ಇಳಕಲ್ ಸೀರೆ ಉಡಿಸಿ, ಹಣೆಗೆ ತನ್ನ ಕೈಯಿಂದಲೇ ಕುಂಕುಮ ಹಚ್ಚಿದಳು. ಆಕೆ ನಿಮ್ಮ ಮಗಳಾಗಿ ಮುಂದೆ ಕೂಡಬೇಕು. ಮುನ್ನಿ ಸಣ್ಣದು, ದಾರಿಯಲ್ಲಿ ‘ಅಮ್ಮೀ’ ಅಂದುಬಿಟ್ಟರೆ ಎಲ್ಲ ಮುಗಿಯಿತು. ಅದಕ್ಕೆ ಅದನ್ನು ಡಿಕ್ಕಿಯಲ್ಲಿ ಮಲಗಿಸಿ, ಮೇಲೆ ಬಾಳೆ ಎಲೆ, ಎಲೆಯ ಮೇಲೆ ಗೊನೆ. ಮುಚ್ಚುವ ಮುಂಚೆ ಖಾಸಿಂಸಾಬ ಬಗ್ಗಿ ಮಗಳ ಕಿವಿಯಲ್ಲಿ ಏನೋ ಹೇಳಿದನಂತೆ. ಏನು ಅಂತ ಯಾರೂ ಕೇಳಲಿಲ್ಲ. “ನಾ ಹೊಲದ ಹಾದಿ ಹಿಡದು ಬರ್ತೀನಿ ಸಾವಕಾರ್, ನೀವು ಮುಂದ ಆಗ್ರಿ” ಅಂದ. ಹೊಲದ ಹಾದಿ ಹಿಡಿದವನನ್ನು ಮತ್ತೆ ಯಾರೂ...

ಚೌಕದಲ್ಲಿ ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆ. ದೂರದಿಂದಲೇ ಗಾಡಿಯ ಬಣ್ಣ ಕಂಡಿತು, ಮಗ್ಗುಲಲ್ಲಿ ನನ್ನ ಹೆಂಡತಿಯ ಸೀರೆ ಕಂಡಿತು. ಎಲಾ ಇವಳ, ಇಂಥಾ ದಿನದಲ್ಲಿ, ಬಸುರಿ, ಹೇಳದೆ ಕೇಳದೆ ಬಂದಾಳಲ್ಲ! ಸಿಟ್ಟಿಗಿಂತ ಹಿಗ್ಗೇ ಹೆಚ್ಚಾಯಿತು ನನಗೆ. ಗಾಡಿ ಚೌಕದ ನಡುವೆ ಬಂತು, ದಿನದ ಹಾಗೇ ನಿಮ್ಮ ಕೈ ಗುಂಡಿಗೆ ಹೋಯಿತು, ಕೆಮ್ಮಿತು, ಹೊಗೆ ಬಿಟ್ಟಿತು, ನಿಂತಿತು. ನಾನು ಓಡಿ ಬಂದು ಬಗ್ಗಿ, “ಏನವಾ ಸಾವಕಾರ್ರ ಮಗಳ, ಗಂಡನ ನೆನಪು ಇಷ್ಟ ಜಲ್ದಿ ಆತೇನು?” ಅಂದೆ. ಸೆರಗಿನೊಳಗಿನ ಕಣ್ಣು ನನ್ನ ಕಡೆ ತಿರುಗಿದವು. ಅವು ಶರಣಮ್ಮನ ಕಣ್ಣಲ್ಲ. ಅಷ್ಟು ಅಂಜಿದ ಕಣ್ಣು ನಾನು ಆಮೇಲೆ ಎಲ್ಲೂ ನೋಡಿಲ್ಲ ಮಾವಾರ. ನೀವು ಮುಂದೆ ನೋಡುತ್ತಲೇ, ತುಟಿ ಅಲುಗಿಸದ ಹಾಗೆ, “ಅಳಿಯಂದಿರ, ಕೈ ಹಚ್ರಿ” ಅಂದಿರಿ.

ಕೈ ಹಚ್ಚಲು ಬಂದವರು ಅಂದು ಬಡಿಗೆ ಹಿಡಿದವರು. ಪಾಪ, ದಿನಾ ದೂಡುವವರೇ ಅವರಲ್ಲೂ ಇದ್ದರು. ರೂಢಿ ನೋಡ್ರಿ! ಬಡಿಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಗುತ್ತಲೇ ಬಂದರು. ಒಬ್ಬ ಡಿಕ್ಕಿಯ ಮೇಲೆ ಅಂಗೈ ಬಡಿದ. “ಸಾವಕಾರ್ರ, ಭಾಳ ದಿನಕ್ಕ ಬಂದೀರಿ. ಇವತ್ತ ಮೊದಲ ಹಣ್ಣು, ಆಮ್ಯಾಲ ದೂಡೋದು. ತೆಗೀರಿ ಡಿಕ್ಕಿ!” ನೀವು, “ಇನ್ನಾ ಕಾಯಿ ಅವ್ರೆಪಾ, ಬಲಿತಿಲ್ಲ” ಅಂದಿರಿ. “ಕಾಯೇ ಕೊಡ್ರಿ, ಪಲ್ಯಾ ಮಾಡಸ್ತೀವಿ!” ಅಂತ ನಗೆ. ಯಾರನ್ನೂ ನಿರಾಸೆ ಮಾಡದ ನೀವೇ ಬೆಳೆಸಿದ ಸಂಪ್ರದಾಯ ಅದು, ಈಗ ನಿಮ್ಮ ಗಂಟಲು ಹಿಡಿದಿತ್ತು. ಆಗ ನಾನು ಕಂಡೆ, ಡಿಕ್ಕಿಯ ಮುಚ್ಚಳದ ಸಂದಿಯಲ್ಲಿ ಹಸಿರು ಲಂಗದ ಅಂಚು ಸಿಕ್ಕಿಕೊಂಡಿದೆ. ನಾನು ಕಂಡದ್ದನ್ನು ಭೀಮಶ್ಯಾನೂ ಕಂಡ. ಹೆಗಲ ಮೇಲಿನ ಟಾವೆಲ್ ತೆಗೆದು ಬೆವರು ಒರೆಸಿದವನ ಹಾಗೆ ಮಾಡಿ ಅದೇ ಸಂದಿಯ ಮೇಲೆ ಒಗೆದು, ಅದರ ಮೇಲೆ ಎರಡೂ ಅಂಗೈ ಊರಿದ. “ದೂಡದೇ ತಿನ್ನೋದು ಯಾವಾಗ ಕಲತ್ರಲೇ? ನಾಚಿಕಿ ಇಲ್ಲದ ಮಂದಿ! ಹೂಂ, ಹಾಕ್ರಿ ಜೋರು!” ಅಂತ ಗರ್ಜಿಸಿದ. ನಾನೂ ಮೈಮರೆತು ಕೂಗಿದೆ. ಗಾಡಿ ಹೊರಳಿತು. ಗುಂಡಿ ಒಳಗೆ ಹೋಯಿತು, ಎಂಜಿನ್ ಹತ್ತಿತು, ನೀವು ನಿಲ್ಲಿಸದೆ ಹೋದಿರಿ. ಹಿಂದಿನಿಂದ ಯಾರೋ, “ಸಾವಕಾರ ಜುಗ್ಗ ಆದನೋ!” ಅಂತ ಕೂಗಿದರು. ಆ ಹೆಸರು ನಿಮಗೆ ಕಾಯಂ ಆಯಿತು. ಚೌಕದಲ್ಲಿ ಒಬ್ಬರಿಗೂ ಹಣ್ಣು ಕೊಡಲಿಲ್ಲ ನೀವು ಆಮೇಲೆ. ಕೊಡಲು ಬರಲೇ ಇಲ್ಲ.

ಚೌಕದ ಆಚೆಯ ಓಣಿಯಲ್ಲಿ, ಆ ಬಾಗಿಲ ಮುಂದೆ ಏನಾಯಿತು ಅಂತ ನೀವು ನನಗೆ ಹೇಳಿದ್ದು ಒಂದೇ ಸಲ. ಖಾಸಿಂಸಾಬನ ಭಾವಮೈದುನನ ಮನೆ. ಡಿಕ್ಕಿ ತೆಗೆದಿರಿ, ಗೊನೆ ಸರಿಸಿದಿರಿ, ಎಲೆ ಸರಿಸಿದಿರಿ. ಕೂಸು ಮಿಸುಕಲಿಲ್ಲ. ಎತ್ತಿದರೆ ಕತ್ತು ಜೋತು ಬಿತ್ತು, ಕೈ ಜೋತು ಬಿತ್ತು. “ಮುನ್ನೀ” ಅಂದಿರಿ. ಕಣ್ಣು ತೆರೆಯಲಿಲ್ಲ. ಬಾಗಿಲ ಸಂದಿಯಿಂದ ಎರಡು ಕೈ ಬಂದು ಕೂಸನ್ನು ಕಿತ್ತುಕೊಂಡವು, ತಾಯಿಯನ್ನು ಒಳಗೆಳೆದವು, ಬಾಗಿಲು ಮುಚ್ಚಿತು. ನೀವು ಬಡಿದರೂ ತೆಗೆಯಲಿಲ್ಲ. ಅಂಥ ದಿನದಲ್ಲಿ ಯಾರು ತೆಗೀತಾರೆ? ಊರು ತಣ್ಣಗಾದ ಮೇಲೆ ಹೋದರೆ ಮನೆಗೆ ಬೀಗ. ಸೋಲಾಪುರಕ್ಕೆ ಹೋದರು ಅಂತ ಒಬ್ಬರು, ಹೈದರಾಬಾದಿಗೆ ಅಂತ ಇನ್ನೊಬ್ಬರು. ಕೂಸಿನ ವಿಷಯ ಯಾರಿಗೂ ಗೊತ್ತಿಲ್ಲ. “ಚೌಕದಾಗ ನಾ ನಿಲ್ಲಿಸಬಾರದಿತ್ತು. ಅಲ್ಲಿ ನಿಂತದ್ದಕ್ಕೇ ಒಳಗ ಉಸಿರು ಹೋತು” ಅಂದಿರಿ. ಗಾಡಿಯನ್ನು ತೋಟದ ಕೊಟ್ಟಿಗೆಗೆ ಹಾಕಿ ಕೀಲಿಯನ್ನು ಬಾವಿಗೆ ಒಗೆದಿರಿ.

ನಮ್ಮ ಮನೆಗೆ ಸ್ಕೂಟರ್ ಬಂದದ್ದು ನೀವು ಹೋಗಿ ಎಷ್ಟೋ ವರ್ಷದ ಮೇಲೆ. ತಂದು ಬಿಟ್ಟ ಅಂಗಡಿಯವನು ಅಂಗಳದಲ್ಲಿ ನಿಂತು ನನಗೆ ಹೇಳಿಕೊಡುತ್ತಿದ್ದ. “ಇದು ಚೋಕ್ ನೋಡ್ರಿ ಸರ. ಮುಂಜಾನಿ ಥಂಡಿ ಇದ್ದಾಗ ಮಾತ್ರ ಜಗ್ರಿ. ಗಾಡಿ ಗರಂ ಆದ ಮ್ಯಾಲೆ ಜಗ್ಗಿದ್ರ ಬಂದ್ ಬೀಳ್ತದ.” ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಶರಣಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಆ ಗುಂಡಿಯ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಓದಿದಳು. “ಇದು ಚೌಕದ್ದಲ್ಲೇನ್ರಿ?” ಅಂದಳು. ಅಂಗಡಿಯವನು ನಕ್ಕ. ನಾನು ನಗಲಿಲ್ಲ. ಅವತ್ತು ತವೆಯ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು, ಯಾರೂ ತೆಗೆಯಲಿಲ್ಲ. “ನಾ ಓದದಿದ್ರ ಅಪ್ಪ ಅಲ್ಲಿ ನಿಲ್ಲಸ್ತಿದ್ದಿಲ್ಲ. ಆ ಕೂಸಿಗೆ ನಾನೇ...” ಅಂದವಳಿಗೆ ನಾನು ಏನೇನೋ ಹೇಳಿದೆ. ನಾವು ಮೂವರೂ ಕೂಡೇ ಓದಿದ್ದು ಅಂದೆ, ನಾನಲ್ಲೇನು ಅರ್ಥ ಹೇಳಿದ್ದು ಅಂದೆ. ಅವಳ ಕಿವಿಗೆ ಹೋಗಲಿಲ್ಲ. ಅಂದಿನಿಂದ ಅವಳು ಒಂದು ಇಂಗ್ಲಿಷ್ ಅಕ್ಷರ ಓದಲಿಲ್ಲ ಮಾವಾರ. ಬಸ್ಸಿನ ಹೆಸರನ್ನೂ ನನ್ನ ಕಡೆಯಿಂದಲೇ ಓದಿಸುತ್ತಿದ್ದಳು. ಕೆಂಪು ಬಾಳೆಹಣ್ಣು ಮನೆಗೆ ತಂದರೆ ನೆರೆಮನೆಗೆ ಕೊಟ್ಟುಬಿಡುತ್ತಿದ್ದಳು.

ಈ ಬೇಸಿಗೆಯಲ್ಲಿ ಹೈದರಾಬಾದಿನಿಂದ ಇಬ್ಬರು ಬಂದರು. ಹಳೇ ಮೋಟಾರಿನ ಹುಚ್ಚಿನವರು, ಹಾಗೊಂದು ಮಂದಿ ಅದ ಈಗ. ಕಮಲಾಪುರದ ಕೊಟ್ಟಿಗೆಯಲ್ಲಿ ಕೋಳಿ ಕೂತಿದ್ದ ನಿಮ್ಮ ಗಾಡಿಯನ್ನು ನೋಡಿ ಹಿರಿಯ ಅದರ ಮುಂದೆ ಮೊಣಕಾಲೂರಿ ಕೂತ. ಕರವಸ್ತ್ರದಿಂದ ಮಡ್ಗಾರ್ಡ್ ಒರೆಸುತ್ತ, “ಇಂಥದ್ದು ದೇಶದಾಗೇ ಇನ್ನೊಂದು ಇದ್ರ ಇರಬೇಕು, ಇಲ್ಲದಿದ್ರ ಇಲ್ಲ” ಅಂದ. ಫ್ರಾನ್ಸಿನದು ಅಂತ ಒಬ್ಬ, ಅಲ್ಲ ಇಂಗ್ಲೆಂಡಿನದೇ ಅಂತ ಇನ್ನೊಬ್ಬ, ಗಾಡಿಯ ಕೆಳಗೆ ಮಲಗಿಕೊಂಡೇ ಜಗಳ. ಆ ಮೇಲೆ ಡಿಕ್ಕಿ ತೆಗೆದರು. “ಅಯ್ಯಯ್ಯೋ! ಯಾರ್ರೀ ಈ ತೂತು ಹೊಡದೋರು? ಒರಿಜಿನಾಲಿಟಿ ಹೋತಲ್ಲ!” ಅಂತ ಹಿರಿಯ ತಲೆಗೆ ಕೈ ಹಚ್ಚಿಕೊಂಡ. ಕಿರಿಯವನು ತೂತಿನಲ್ಲಿ ಬೆರಳು ಆಡಿಸಿದ, ಬಗ್ಗಿ ಮೂಸಿದ. “ಇದರಾಗ ಬಾಳಿಹಣ್ಣು ಒಯ್ತಿದ್ರೇನು ದಾದಾ?” ಅಂತ ಕೇಳಿದ. ಹೌದು ಅಂದೆ. “ಇದು ಚೌಕದಾಗ ನಿಲ್ತಿತ್ತೇನು?” ಅಂದ. ನಾನು ಕೋಳಿ ಬುಟ್ಟಿಯ ಮೇಲೇ ಕೂತುಬಿಟ್ಟೆ.

ಹೋದ ವಾರ ಆ ಕಿರಿಯವನು ತಾಯಿಯನ್ನು ಕರೆದುಕೊಂಡು ಬಂದ. ಮಾವಾರ, ಗಟ್ಟಿ ಮನಸ್ಸು ಮಾಡಿ ಕೇಳ್ರಿ. ಶರಣಮ್ಮನನ್ನೂ ಕರೀರಿ.

ಕನ್ನಡಕದ, ಕೂದಲು ಅರ್ಧ ಬೆಳ್ಳಗಾದ ಹೆಣ್ಣುಮಗಳು. ಗಾಡಿಯ ಮುಂದಿನ ಅಂದ ಚಂದ ನೋಡಲೇ ಇಲ್ಲ ಆಕೆ. ನೇರವಾಗಿ ಹಿಂದೆ ಹೋಗಿ, ಡಿಕ್ಕಿಯೊಳಗೆ ಬಗ್ಗಿ, ತೂತಿನ ಮೇಲೆ ಅಂಗೈ ಇಟ್ಟಳು. “ಇಲ್ಲೇ ಮೂಗು ಇಟ್ಟಿದ್ದೆ” ಅಂದಳು. ಕನ್ನಡ ಅರ್ಧ ಮರೆತಿದೆ, ನಡುನಡುವೆ ನಮ್ಮ ಕಡೆಯ ಉರ್ದು. “ಕೆಳಗ ರಸ್ತಾ ಓಡ್ತಿತ್ತು. ಗಾಳಿ ಬರ್ತಿತ್ತು. ಆಮ್ಯಾಲ ರಸ್ತಾ ನಿಂತು ಬಿಡ್ತು. ಭಾಳ ಕಾಲು ಬಂದ್ವು. ಒಬ್ಬರದು ಕರೀ ಬೂಟು, ಒಂದಕ್ಕ ಬಿಳೀ ಲಾಡಿ ಕಟ್ಟಿತ್ತು.” ಬೂಟಿನ ದಾರ ಹೋಗಿ ಅಂಗಡಿಯ ಬಟ್ಟೆ ಥಾನಿನಿಂದ ಹರಿದು ಕಟ್ಟಿಕೊಂಡಿದ್ದ ಬಿಳೀ ಲಾಡಿ. ನನ್ನ ಬೂಟು ಅದು! “ಅಂಜಿಕಿ ಆಗ್ಲಿಲ್ಲೇನವಾ ನಿಂತಾಗ?” ಅಂತ ಕೇಳಿದೆ. ಅದಕ್ಕೆ ಆಕೆ ಹೇಳಿದ್ದು ಇದು. “ಅಬ್ಬಾ ಮೊದಲೇ ಕಿವ್ಯಾಗ ಹೇಳಿದ್ರು. ಚೌಕದಾಗ ಗಾಡಿ ನಿಲ್ತದ ಬೇಟಿ, ಸಾವಕಾರ್ ಮಾಮು ನಿಲ್ಲಸ್ತಾರ, ಅಂಜಬ್ಯಾಡ. ಮಂದಿ ಹಣ್ಣು ಬೇಡ್ತಾರ. ಆಗ ನೀನೂ ಹಣ್ಣಿನಂಗ ಇದ್ದುಬಿಡು. ಹಣ್ಣಿಗಿ ಬಾಯಿ ಇಲ್ಲ, ಕಣ್ಣು ಇಲ್ಲ, ಕೈ ಕಾಲು ಇಲ್ಲ. ಯಾರು ಎತ್ತಿದ್ರೂ ಹಣ್ಣಿನಂಗೇ ಇರಬೇಕು. ನಾ ಬಂದು ಉಠ್ ಅಂತೀನಿ, ಆಗ ಏಳು.”

ತಿಳೀತೇನ್ರಿ ಮಾವಾರ? ನೀವು ಎತ್ತಿದಾಗ ಅದಕ್ಕೆ ಜೀವ ಇತ್ತು. ನೀವು ಮುನ್ನೀ ಅಂದದ್ದು ಕೇಳಿತ್ತು. ಅಪ್ಪನ ಮಾತು ಕೇಳುತ್ತಿತ್ತು ಅದು, ಹಣ್ಣಾಗಿತ್ತು. ಬಾಗಿಲ ಒಳಗೆ ತಾಯಿ ಎದೆಗೆ ಅವುಚಿಕೊಂಡು ಅತ್ತರೂ ಕಣ್ಣು ತೆರೆಯಲಿಲ್ಲವಂತೆ. ಸಂಜೆಯತನಕ ಹಾಗೇ ಮಲಗಿ ಅಬ್ಬಾನ ದಾರಿ ಕಾಯಿತಂತೆ. ಕಡೆಗೆ ಹಸಿವಾಗಿ ತಾನೇ ಎದ್ದಳಂತೆ. “ಅಬ್ಬಾ ಉಠ್ ಅನ್ನೋಕಿಂತ ಮೊದಲ ನಾ ಎದ್ದೆ. ಅದಕ್ಕ ಅವರು ಬರಲಿಲ್ಲ ಅಂತ ಭಾಳ ವರ್ಷ ತಿಳಕೊಂಡಿದ್ದೆ” ಅಂದಳು. ಹೇಳ್ರಿ, ಒಂದು ಚೌಕದಲ್ಲಿ ಎಷ್ಟು ಜನ ತಮ್ಮ ತಮ್ಮ ತಪ್ಪು ಅಂತ ಹೊತ್ತುಕೊಂಡು ಹೋದೆವು! ಆಕೆಯ ತಾಯಿ, ಕೂಸು ಉಳಿದದ್ದು ಸಾವಕಾರರಿಗೆ ಗೊತ್ತಿರ್ತದ ಅಂತಲೇ ತಿಳಿದು ಕಣ್ಣು ಮುಚ್ಚಿದಳಂತೆ. ಆ ಇಳಕಲ್ ಸೀರೆಯನ್ನು ಮಗಳ ಮದುವೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಳಂತೆ. ಶರಣಮ್ಮನ ಫೋಟೋದ ಗಾಜನ್ನು ಮುನ್ನಿ ಅಂಗೈಯಿಂದ ಒರೆಸಿದಳು. ಒಂದು ವರ್ಷ ಮೊದಲು ಬರಬಾರದಿತ್ತೇನವಾ ಅಂತ ಬಾಯಿಗೆ ಬಂತು. ಅನ್ನಲಿಲ್ಲ. ಯಾರಿಗೆ ಅಂದರೆ ಏನು?

ಉಳಿದ ಸುದ್ದಿ ಇಷ್ಟು. ಗಾಡಿಯನ್ನು ಮುನ್ನಿಯ ಮಗನಿಗೇ ಕೊಟ್ಟೆ. ಕಪನೂರದ ಒಂದು ಕಾರ್ಖಾನೆಯಲ್ಲಿ ಎಂಜಿನ್ ಬಿಚ್ಚಿದ್ದಾರೆ. ಆ ಹಿರಿಯ ಬಂದು, ಮೊದಲು ತೂತು ಮುಚ್ಚಿಸೋಣ ಅಂದ. ಎಲ್ಲ ನಿಮ್ಮ ಮನಸ್ಸಿನ ಹಾಗೆ ಮಾಡ್ರಿ, ತೂತು ಮುಟ್ಟಬ್ಯಾಡ್ರಿ ಅಂದೆ. ಅದೇ ಈ ಗಾಡಿಯ ಒರಿಜಿನಲ್ ಭಾಗ ಅಂದೆ. ನಾನು ಜೀವನದಲ್ಲಿ ಸರಿಯಾಗಿ ಬಳಸಿದ ಇಂಗ್ಲಿಷ್ ಮಾತು ಅದೊಂದೇ ಇರಬೇಕು.

ಗಾಡಿ ತಯಾರಾದ ದಿನ ಕಮಲಾಪುರಕ್ಕೆ ಒಯ್ದು, ಅಲ್ಲಿಂದ ಕಲಬುರಗಿಗೆ ತರ್ತೀವಿ. ಮಗ ಓಡಿಸ್ತಾನ, ಮುನ್ನಿ ಮುಂದಿನ ಸೀಟಿನಲ್ಲಿ, ತಾಯಿ ಕೂತಿದ್ದ ಜಾಗದಲ್ಲಿ. ಆ ಗುಂಡಿ ತಾನೇ ಜಗ್ಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಂಜಿನ್ ಬಂದ್ ಬೀಳ್ತದ ಅಮ್ಮೀ ಅಂದರೆ, ಬೀಳಲಿ ಅನ್ನುತ್ತಾಳೆ. ನಾನು ಬೂಟಿಗೆ ಬಿಳೀ ಲಾಡಿ ಕಟ್ಟಿಕೊಂಡು ಚೌಕದಲ್ಲಿ ನಿಂತಿರ್ತೀನಿ. ಭೀಮಶ್ಯಾ ಈಗ ಇಲ್ಲ, ಆದರೆ ಅವನ ಮೊಮ್ಮಗ ಅಲ್ಲೇ ಹಮಾಲಿ ಮಾಡುತ್ತಾನೆ, ಅವನಿಗೆ ಹೇಳಿಟ್ಟಿದ್ದೇನೆ. ದೂಡುತ್ತೇವೆ. ಗಾಡಿ ಹತ್ತಿದ ಮೇಲೆ ಈ ಸಲ ಮುಂದೆ ಹೋಗಲು ಬಿಡುವುದಿಲ್ಲ. ನಿಲ್ಲಿಸಿ, ಎಲ್ಲರ ಮುಂದೆ, ನಿಮ್ಮನ್ನು ಜುಗ್ಗ ಅಂದವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದ್ದರೆ ಅವರ ಮುಂದೆಯೂ, ಅಂದು ತೆರೆಯದ ಡಿಕ್ಕಿ ತೆಗೆದು ಒಬ್ಬೊಬ್ಬರ ಕೈಗೂ ಹಣ್ಣು ಕೊಡ್ತೀನಿ. ಮೊದಲನೆಯದು ಮುನ್ನಿಗೆ.

ಕೂಸು ಉಳದದ, ಮಾವಾರ.